ಮಾಸ್ತರರ ಎಂಟು ವರ್ಷ

ಭಾಲ್ಕಿಯಲ್ಲಿ ಮೊನ್ನೆ ನಡೆದ ಸಂತಾಪ ಸಭೆಯಲ್ಲಿ ಒಬ್ಬ ಭಾಷಣಕಾರರು, ತೀರಿಹೋದ ಮಾಸ್ತರರ ಓದಿನ ಹುಚ್ಚನ್ನು ಹೊಗಳುತ್ತ, ನೌಕರಿಯ ವಯಸ್ಸು ಮುಗಿದ ಮೇಲೆ ಬಿ.ಎ. ಪಾಸಾದ ಮಹಾನುಭಾವರು ಎಂದರು. ಕೂತವರು ಪ್ರೀತಿಯಿಂದಲೇ ನಕ್ಕರು. ಇಬ್ಬರು ಮೂವರು ಚಪ್ಪಾಳೆ ಹೊಡೆದರು. ನನಗೆ ಮೈಯೆಲ್ಲ ಉರಿದುಹೋಯಿತು. ಎದ್ದು ಹೊರಗೆ ಬಂದುಬಿಟ್ಟೆ. ಬಿ.ಎ. ಪಾಸಾದಾಗ ಮಾಸ್ತರರಿಗೆ ನಲವತ್ತೇಳು ವರ್ಷ. ಸರಕಾರಿ ನೌಕರ ಐವತ್ತೈದರವರೆಗೆ ದುಡಿಯಬಹುದಿತ್ತು. ಇನ್ನೂ ಎಂಟು ವರ್ಷ ಅವರ ಹಕ್ಕಿನವು. ಅವು ತಾವಾಗಿ ಮುಗಿಯಲಿಲ್ಲ, ಮುಗಿಸಲಾಯಿತು. ಮುಗಿಸಿದವರಲ್ಲಿ ಒಬ್ಬ ಅದೇ ಸಭೆಯ ಮೂರನೆಯ ಸಾಲಿನಲ್ಲಿ ಶಾಲು ಹೊದ್ದು ಕೂತಿದ್ದ. ಅವನು ನಾನು.

ಹೊರಗೆ ನಿಂತು ನನ್ನನ್ನು ನಾನೇ ಬೈದುಕೊಂಡರೆ ಏನು ಬಂತು? ಅದಕ್ಕೇ ಬರೆಯುತ್ತಿದ್ದೇನೆ.

ನಾನು ಅವರನ್ನು ಮೊದಲು ಕಂಡದ್ದು ಔರಾದದ ಶಾಲೆಯಲ್ಲಿ, ನಿಜಾಮರ ಕಾಲದಲ್ಲಿ. ನಾನು ಆಗತಾನೆ ಸೇರಿದ ಹೊಸ ಮಾಸ್ತರ, ಅವರು ನನಗಿಂತ ಹತ್ತು ವರ್ಷ ದೊಡ್ಡವರು. ಉದ್ದನೆಯ ಆಳು, ಕತ್ತರಿಸಿದ ಗಡ್ಡ, ಕೋಪ ಯಾವಾಗಲೂ ಮೂಗಿನ ತುದಿಯಲ್ಲಿ. ಸಿಟ್ಟು ಬಂದರೆ ಶೇರವಾನಿಯ ಮೇಲಿನ ಗುಂಡಿಯನ್ನು ತಿರುವುತ್ತಿದ್ದರು. ಹಾಗಾಗಿ ಆ ಗುಂಡಿ ತಿಂಗಳಿಗೊಮ್ಮೆ ಕಿತ್ತುಬರುತ್ತಿತ್ತು. ಪಾಠವೆಲ್ಲ ಉರ್ದುವಿನಲ್ಲೇ ಆಗಬೇಕೆಂದು ಸರಕಾರದ ಹುಕುಂ. ಎದುರಿಗೆ ಕೂತ ಮಕ್ಕಳದು ಕನ್ನಡ, ಮರಾಠಿ. ಮಾಸ್ತರರ ಮನೆಮಾತು ಉರ್ದುವೇ ಆದರೂ ತನಿಖೆಯ ಸಾಹೇಬರು ಊರಲ್ಲಿ ಇಲ್ಲದ ದಿನ ಲೆಕ್ಕವನ್ನು ಕನ್ನಡದಲ್ಲೇ ಹೇಳಿಕೊಡುತ್ತಿದ್ದರು. ಸಿಕ್ಕಿಬಿದ್ದರೆ ಗತಿಯೇನು ಎಂದು ನಾನು ಕೇಳಿದ್ದಕ್ಕೆ, ತಿಳಿಯದ ಮಾತಿನಲ್ಲಿ ಲೆಕ್ಕ ಹೇಳುವವನು ಮಾಸ್ತರನಲ್ಲ, ಕಳ್ಳ ಎಂದಿದ್ದರು.

ಆ ವರ್ಷ ನನಗೆ ಮಲೇರಿಯಾ ಹಿಡಿದು ಮೂರು ವಾರ ಮಲಗಿದೆ. ನನ್ನ ವರ್ಗವನ್ನೂ ಅವರೇ ನಡೆಸಿದರು. ಸಾಹೇಬರು ತನಿಖೆಗೆ ಬಂದಾಗ, ನಾನು ಇದ್ದೇನೆಂದು ಸುಳ್ಳು ಬರೆಯಲಿಲ್ಲ. ಆ ಮಾಸ್ತರ ಜ್ವರದಲ್ಲಿದ್ದಾನೆ, ಎರಡೂ ವರ್ಗ ಇಲ್ಲಿವೆ, ಏನು ಬೇಕಾದರೂ ಕೇಳಿ ನೋಡಿ ಎಂದು ಎದುರಿಗೇ ಹೇಳಿದರಂತೆ. ನನ್ನ ನೌಕರಿ ಉಳಿಯಿತು. ನನ್ನನ್ನು ಅವರು 'ತಮ್ಮಾ' ಎಂದೇ ಕರೆಯುತ್ತಿದ್ದರು. ಮರುವರ್ಷ ನನಗೆ ಬೀದರಿನ ತಾಲೀಮಾತ್ ಕಚೇರಿಗೆ, ಎಂದರೆ ಶಿಕ್ಷಣ ಇಲಾಖೆಯ ಜಿಲ್ಲಾ ಕಚೇರಿಗೆ, ಕಾರಕೂನನಾಗಿ ಬದಲಿಯಾಯಿತು.

ನಿಜಾಮರ ಆಳ್ವಿಕೆ ಮುಗಿಸಿದ ಪೊಲೀಸ್ ಆಕ್ಷನ್ನಿಗೆ ಮುಂಚೆ ನಮ್ಮ ಹಳ್ಳಿಗಳು ಯಾರ ಕೈಯಲ್ಲಿ ನಲುಗಿದವು, ಆಮೇಲೆ ಯಾರು ಯಾರ ಮೇಲೆ ಸೇಡು ತೀರಿಸಿಕೊಂಡರು ಎಂಬುದು ಈ ಕಡೆಯ ಹಿರಿಯರಿಗೆಲ್ಲ ಗೊತ್ತು. ಗೊತ್ತಿದ್ದೂ ಬಾಯಿ ಬಿಡುವುದಿಲ್ಲ. ಮಾಸ್ತರರು ಯಾರ ತಂಟೆಗೂ ಹೋದವರಲ್ಲ. ಆದರೂ ಹಳ್ಳಿಯಲ್ಲಿದ್ದ ಅವರ ಮನೆ ಸುಟ್ಟುಹೋಯಿತು. ತಾಯಿ, ಹೆಂಡತಿ, ಮಕ್ಕಳನ್ನು ಕುರುಬರ ಮುದುಕನೊಬ್ಬ ತನ್ನ ಕುರಿಹಟ್ಟಿಯಲ್ಲಿ ಅಡಗಿಸಿ ಉಳಿಸಿದ. ಟ್ರಂಕಿನಲ್ಲಿದ್ದ ಮಿಡ್ಲ್ ಪರೀಕ್ಷೆಯ ಸರ್ಟಿಫಿಕೇಟು ಬೂದಿಯಾಯಿತು. ಅವರು ಸಂಸಾರವನ್ನು ಭಾಲ್ಕಿಗೆ ತಂದು ಬಾಡಿಗೆ ಮನೆಯಲ್ಲಿಟ್ಟರು. ತಾವು ಔರಾದದಲ್ಲೇ ನೌಕರಿ ಮಾಡುತ್ತ ವಾರಕ್ಕೊಮ್ಮೆ ಮನೆಗೆ ಬರತೊಡಗಿದರು.

ಅದೇ ಹೊತ್ತಿಗೆ ನಮ್ಮ ಕಚೇರಿಗೆ ಹೊರಗಿನಿಂದ ಹೊಸ ಸಾಹೇಬರು ಬಂದರು. ಅವರಿಗೆ ಉರ್ದು ಓದಲು ಬಾರದು, ಕನ್ನಡವೂ ಬಾರದು. ಜಿಲ್ಲೆಯ ಎಲ್ಲ ಮಾಸ್ತರರ ಸರ್ವಿಸ್ ಬುಕ್ಕುಗಳನ್ನು ಹದಿನೈದು ದಿನದಲ್ಲಿ ಇಂಗ್ಲಿಷಿಗೆ ಇಳಿಸಬೇಕೆಂದು ಅಪ್ಪಣೆ ಮಾಡಿದರು. ಆ ಕೆಲಸ ನನ್ನ ತಲೆಗೆ ಬಂತು.

ಇಲ್ಲಿ ಒಂದು ಮಾತು ಬಿಡಿಸಿ ಹೇಳಬೇಕು. ನಿಜಾಮರ ಕಚೇರಿಗಳಲ್ಲಿ ನಡೆಯುತ್ತಿದ್ದದ್ದು ಫಸಲಿ ಸನ್. ಅದಕ್ಕೆ ಐನೂರ ತೊಂಬತ್ತು ಕೂಡಿಸಿದರೆ ಇಂಗ್ಲಿಷ್ ಇಸವಿ ಬರುತ್ತದೆ. ಮುಸಲ್ಮಾನರ ಮನೆಗಳಲ್ಲಿ, ಮಸೀದಿಗಳಲ್ಲಿ ನಡೆಯುವುದು ಹಿಜರಿ ಸನ್, ಅದರ ಲೆಕ್ಕ ಬೇರೆ. ಮಾಸ್ತರರ ಕಾಲದಲ್ಲಿ ಹುಟ್ಟಿದವರ ಫಸಲಿ ಅಂಕಿಯನ್ನು ಹಿಜರಿ ಎಂದು ಓದಿದರೆ ಮನುಷ್ಯನ ವಯಸ್ಸು ಎಂಟು ವರ್ಷ ಏರುತ್ತದೆ. ಯಾವ ಸನ್ ಎಂದು ತೋರಿಸಲು ಅಂಕಿಯ ಪಕ್ಕದಲ್ಲಿ ಒಂದು ಅಕ್ಷರ ಹಾಕುವ ರೂಢಿ. ಸರಕಾರಿ ಕಾಗದದಲ್ಲಿ ಫಸಲಿ ಬಿಟ್ಟು ಇನ್ನೇನು ಇರುತ್ತದೆ ಎಂದು ಹಳೆಯ ಮುನ್ಷಿಗಳು ಎಷ್ಟೋ ಕಡೆ ಆ ಅಕ್ಷರವನ್ನು ಬಿಟ್ಟುಬಿಡುತ್ತಿದ್ದರು. ಮಾಸ್ತರರ ಪುಸ್ತಕದಲ್ಲೂ ಬಿಟ್ಟಿದ್ದರು.

ನಾನು ಹೆಸರು ನೋಡಿದೆ. ಮುಸಲ್ಮಾನರ ಹೆಸರು. ಹಿಜರಿ ಎಂದು ಹಿಡಿದು, ಲೆಕ್ಕ ಹಾಕಿ, ಬರೆದೆ. ನನಗಿಂತ ಹತ್ತು ವರ್ಷ ದೊಡ್ಡವರೆಂದು ಗೊತ್ತಿದ್ದ ಮನುಷ್ಯನನ್ನು ಹದಿನೆಂಟು ವರ್ಷ ದೊಡ್ಡವರನ್ನಾಗಿ ಮಾಡಿ ಮುಂದಿನ ಪುಸ್ತಕ ಎಳೆದುಕೊಂಡೆ. ಜ್ವರದಲ್ಲಿ ನನ್ನ ವರ್ಗ ನಡೆಸಿದವರ ಮುಖ ಆ ಹೆಸರು ಓದುವಾಗ ನೆನಪಿಗೆ ಬರಲಿಲ್ಲ. ಅದೇ ವಾರ ಹಿಂದೂ ಮಾಸ್ತರರೊಬ್ಬರ ಪುಸ್ತಕದಲ್ಲೂ ಆ ಅಕ್ಷರ ಇರಲಿಲ್ಲ. ಅದನ್ನು ಮಾತ್ರ ಫಸಲಿ ಎಂದೇ ಬರೆದೆ. ಕೆಲಸದ ಒತ್ತಡ ಎಂದು ಈಗ ಹೇಳಿದರೆ ನನ್ನ ನಾಲಗೆಗೆ ಹುಳ ಬೀಳಬೇಕು. ಆ ದಿನಗಳಲ್ಲಿ ನಮ್ಮ ಕಣ್ಣು ಮೊದಲು ಬೀಳುತ್ತಿದ್ದದ್ದೇ ಹೆಸರಿನ ಮೇಲೆ. ಈ ಬರಹದಲ್ಲಿ ಅವರ ಹೆಸರು ಎಲ್ಲೂ ಬರುವುದಿಲ್ಲ. ಒಮ್ಮೆ ಹೆಸರು ನೋಡಿ ನಾನು ಮಾಡಿದ್ದು ಸಾಕು.

ಹೊಸ ಪುಸ್ತಕಕ್ಕೆ ಸಹಿ ಹಾಕಲು ಮಾಸ್ತರರೆಲ್ಲ ಬೀದರಿಗೆ ಬಂದರು. ನಾನು ಸಹಿಯ ಪುಟವನ್ನಷ್ಟೇ ಬಿಚ್ಚಿ ಅವರ ಮುಂದಿಟ್ಟೆ. ಅವರಿಗೆ ಆಗ ಇಂಗ್ಲಿಷ್ ಅಕ್ಷರ ಗೊತ್ತಿತ್ತು, ಅರ್ಥ ಗೊತ್ತಿರಲಿಲ್ಲ.

"ಇದರಾಗ ಏನ್ ಬರದದ ತಮ್ಮಾ, ಓದಿ ಹೇಳು," ಅಂದರು.

"ಹಳೀದ್ರಾಗ ಇದ್ದದ್ದೇ ಅದರಿ. ಸಹಿ ಮಾಡ್ರಿ, ಹಿಂದ ಮಂದಿ ನಿಂತಾರ," ಅಂದೆ.

ಉರ್ದುವಿನಲ್ಲಿ ಸಹಿ ಮಾಡಿ ಪೆನ್ನು ಕೆಳಗಿಟ್ಟರು. ಗುಂಡಿಯ ಮೇಲೆ ಕೈ ಹೋಯಿತು. "ಓದ್ಲಾಕ ಬರದ ಕಾಗದದ ಮ್ಯಾಲ ಇದು ನನ್ನ ಕಡೀ ಸಹಿ ನೋಡು," ಅಂದರು.

ಹೇಳಿದಂತೆಯೇ ನಡೆದರು. ಆ ತಿಂಗಳಲ್ಲೇ ಮ್ಯಾಟ್ರಿಕ್ಕಿಗೆ ಖಾಸಗಿಯಾಗಿ ಕಟ್ಟಿದರು. ಆಮೇಲೆ ಇಂಟರ್, ಆಮೇಲೆ ಬಿ.ಎ. ನೌಕರಿಯಲ್ಲಿದ್ದ ಮಾಸ್ತರರು ಕಾಲೇಜಿನ ಮೆಟ್ಟಿಲು ಹತ್ತದೆ ಪರೀಕ್ಷೆ ಬರೆಯಲು ಉತ್ತರದ ಒಂದು ವಿಶ್ವವಿದ್ಯಾಲಯ ಬಿಡುತ್ತಿತ್ತು. ಪಾಠಗಳು ಅಂಚೆಯಲ್ಲಿ ಬರುತ್ತಿದ್ದವು. ಇವರು ಉತ್ತರ ಬರೆದು ಕಳಿಸಿದರೆ ಕೆಂಪು ಶಾಯಿಯಲ್ಲಿ ತಿದ್ದಿ ವಾಪಸು ಕಳಿಸುತ್ತಿದ್ದರು. ಓದಿನ ಹುಚ್ಚಿನಿಂದ ಇದನ್ನೆಲ್ಲ ಮಾಡಿದರು ಅನ್ನುವವರಿಗೆ ಏನೂ ಗೊತ್ತಿಲ್ಲ. ಪದವಿ ಇಲ್ಲದವರು ದೊಡ್ಡ ತರಗತಿಗಳಿಗೆ ಪಾಠ ಮಾಡಕೂಡದು, ಹೆಡ್ಮಾಸ್ತರ ಆಗಕೂಡದು ಎಂದು ಹೊಸ ನಿಯಮ ಬಂದಿತ್ತು. ಇಪ್ಪತ್ತು ವರ್ಷ ಕಲಿಸಿದ ಮನುಷ್ಯನನ್ನು ಒಂದನೆಯ ಇಯತ್ತೆಗೆ ತಳ್ಳಿ, ಅವರ ತಲೆಯ ಮೇಲೆ ಹೊರಗಿನ ಒಬ್ಬ ತರುಣ ಪದವೀಧರನನ್ನು ಹೆಡ್ಮಾಸ್ತರನನ್ನಾಗಿ ಕೂಡಿಸಿದ್ದರು. ಮಾಸ್ತರರಿಗೆ ಬೇಕಾಗಿದ್ದದ್ದು ತಮ್ಮ ಜಾಗ. ಒಂದು ಹೈಸ್ಕೂಲನ್ನು ತಮ್ಮ ಕೈಯಿಂದ ನಡೆಸಿ ತೋರಿಸಬೇಕೆಂಬ ಹಟ ಇತ್ತು, ಅದನ್ನು ಮುಚ್ಚಿಡುತ್ತಲೂ ಇರಲಿಲ್ಲ.

ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ ಔರಾದದಿಂದ ಭಾಲ್ಕಿಯ ಪೇಟೆಗೆ ತೊಗರಿ, ಉದ್ದು ಹೊತ್ತ ಬಂಡಿಗಳು ಹೊರಡುತ್ತಿದ್ದವು. ಅದರಲ್ಲೊಂದರ ಚೀಲಗಳ ಮೇಲೆ ಕೂತು ಮಾಸ್ತರರು ಊರಿಗೆ ಬರುತ್ತಿದ್ದರು. ದಾರಿಯುದ್ದಕ್ಕೂ ಪಾಠಗಳನ್ನು ಗಟ್ಟಿಯಾಗಿ ಓದಿ, ಬಂಡಿ ಹೊಡೆಯುವವನಿಗೆ ಕನ್ನಡದಲ್ಲಿ ಹೇಳುತ್ತಿದ್ದರು. ಅವನಿಗೆ ತಿಳಿದರೆ ತಮಗೂ ತಿಳಿಯಿತು ಎಂದು ಅವರ ಲೆಕ್ಕ. ಫ್ರಾನ್ಸಿನ ರಾಜನ ತಲೆ ಹೋದ ಕಥೆ ಕೇಳಿ ಅವನು, ಮಂದಿ ರೊಟ್ಟಿ ಕೇಳಿದಾಗಲೇ ಕೊಟ್ಟಿದ್ದರೆ ಆಗುತ್ತಿತ್ತಲ್ಲ ಎಂದನಂತೆ. ಮಾಸ್ತರರು ಪರೀಕ್ಷೆಯಲ್ಲಿ ಅದನ್ನೇ ಇಂಗ್ಲಿಷಿನಲ್ಲಿ ಬರೆದು ಬಂದರು. ಅಂಚೆಯ ಪಾಠದವರೊಂದಿಗೂ ಜಗಳ ತಪ್ಪಿರಲಿಲ್ಲ. ಬೇಸಾಯದ ಮೇಲೆ ಇವರು ಬರೆದ ಪ್ರಬಂಧದ ಅಂಚಿನಲ್ಲಿ, ಇದು ಪುಸ್ತಕದಲ್ಲಿ ಇಲ್ಲ ಎಂದು ಕೆಂಪು ಶಾಯಿ ಷರಾ ಹಾಕಿತ್ತು. ಪುಸ್ತಕದಲ್ಲಿ ಇಲ್ಲ, ಔರಾದದಲ್ಲಿ ಇದೆ, ಬಂದು ನೋಡಿ ಎಂದು ಇವರು ಮರುಟಪಾಲಿಗೇ ಬರೆದರು.

ಪ್ರತಿ ವರ್ಷ ಪರೀಕ್ಷೆಗೆ ಕೂಡಲು ಕಚೇರಿಯ ಇಜಾಜತ್, ಎಂದರೆ ಅನುಮತಿ, ಬೇಕು. ಆ ತರುಣ ಹೆಡ್ಮಾಸ್ತರ ಅರ್ಜಿಯ ಮೇಲೆ, ಇವರು ಪಾಠ ಬಿಟ್ಟು ಓದಿಕೊಳ್ಳುತ್ತಾರೆ ಎಂದು ಬರೆದು ಕಳಿಸಿದ. ಮಾಸ್ತರರು ಬೀದರಿಗೆ ಬಂದು ಸಾಹೇಬರ ಮೇಜು ಕುಟ್ಟಿದರು. ತಾನು ಓದುವ ಹೊತ್ತು ತನ್ನ ನಿದ್ದೆಯಲ್ಲಿ ಕಡಿದದ್ದು, ಸರಕಾರದ ತಾಸಿನಲ್ಲಿ ಕಡಿದದ್ದಲ್ಲ ಎಂದರು. ನಿಜವೂ ಅದೇ. ಜನಗಣತಿ ಬಂದರೂ ಮಾಸ್ತರರು, ಮತದಾರರ ಪಟ್ಟಿ ಬಂದರೂ ಮಾಸ್ತರರು. ಹಳ್ಳಿ ಹಳ್ಳಿ ತಿರುಗಿ ವಯಸ್ಸು ಬರೆಯುವುದರಲ್ಲಿ ಅವರನ್ನು ಮೀರಿಸುವವರಿರಲಿಲ್ಲ. ಯಾರಿಗೂ ಹುಟ್ಟಿದ ಇಸವಿ ಗೊತ್ತಿಲ್ಲ. ಪ್ಲೇಗು ಬಂದಾಗ ನಡೆಯುತ್ತಿದ್ದಿಯಾ, ರೈಲು ಹಳಿ ಹಾಕುವಾಗ ಲಗ್ನವಾಗಿತ್ತಾ ಎಂದು ಕೇಳಿ ಕೇಳಿ ಸರಿಯಾದ ವಯಸ್ಸನ್ನು ಹೊರಗೆ ತೆಗೆಯುತ್ತಿದ್ದರು. ಬೀದರ ಜಿಲ್ಲೆಯ ಅರ್ಧ ಜನರ ವಯಸ್ಸು ತಿದ್ದಿದ ಮನುಷ್ಯನ ಸ್ವಂತ ವಯಸ್ಸು ನನ್ನ ಕಪಾಟಿನಲ್ಲಿ ತಪ್ಪಾಗಿ ಬಿದ್ದಿತ್ತು.

ಇಂಟರಿನಲ್ಲಿ ಒಮ್ಮೆ ಇಂಗ್ಲಿಷಿನಲ್ಲಿ ನಪಾಸಾದರು. ಮರುದಿನ ವರ್ಗಕ್ಕೆ ಹೋಗಿ, ನಿಮ್ಮ ಮಾಸ್ತರ ನಪಾಸಾಗಿದ್ದಾನೆ, ಮುಂದಿನ ವರ್ಷ ಮತ್ತೆ ಕೂಡುತ್ತಾನೆ ಎಂದು ತಾವೇ ಮಕ್ಕಳಿಗೆ ಹೇಳಿದರು. ಹೆಡ್ಮಾಸ್ತರನಿಗೆ ಮುಜುಗರವಾಯಿತಂತೆ. ಇವರಿಗೆ ಆಗಲಿಲ್ಲ. ಅಂತೂ ಆರು ವರ್ಷಕ್ಕೆ, ಭಾಲ್ಕಿಯಿಂದ ರೈಲು ಹತ್ತಿ ಎರಡು ಕಡೆ ಗಾಡಿ ಬದಲಿಸಿ ಬರೆದು ಬಂದ ಬಿ.ಎ. ಪಾಸಾಯಿತು.

ಆಗ ಭಾಲ್ಕಿಯ ಒಂದು ಹೈಸ್ಕೂಲಿಗೆ ಹೆಡ್ಮಾಸ್ತರ ಬೇಕಾಗಿತ್ತು. ಇವರ ಹೆಸರು ಮೇಲೆ ಹೋಯಿತು. ಬಡ್ತಿ ಕೊಡುವ ಮುಂಚೆ ಸರ್ವಿಸ್ ಬುಕ್ ತೆಗೆದು ನೋಡಬೇಕಲ್ಲ, ನೋಡಿದರು. ಐವತ್ತೈದು ತುಂಬಿದೆ. ಬಡ್ತಿಯ ಕಾಗದ ಅಲ್ಲಿಗೇ ನಿಂತು, ಅದರ ಬದಲು ವಜೀಫಾದ, ಎಂದರೆ ಪಿಂಚಣಿಯ, ಹುಕುಂ ಹೊರಟಿತು. ಪದವಿ ಪತ್ರ ಅಂಚೆಯಲ್ಲಿ ಬಂದ ತಿಂಗಳೇ ನೌಕರಿ ಹೋಯಿತು. ಕಡತ ನನ್ನ ಮೇಜಿಗೆ ಬಂದಾಗ ಆ ಪುಟ ತೆಗೆದೆ. ನನ್ನದೇ ಅಕ್ಷರ. ಏನಾಗಿದೆಯೆಂದು ಆ ಕ್ಷಣಕ್ಕೇ ತಿಳಿಯಿತು. ಹಳೆಯ ಉರ್ದು ಪುಸ್ತಕಗಳು ಒಂದು ಕೋಣೆಯಲ್ಲಿ ಮಳೆ ನೀರಿಗೆ ನೆನೆದು ಆಗಲೇ ರದ್ದಿಗೆ ಹೋಗಿದ್ದವು. ಮಾಸ್ತರರ ಮಿಡ್ಲ್ ಸರ್ಟಿಫಿಕೇಟು ಮನೆಯ ಜೊತೆ ಸುಟ್ಟಿತ್ತು. ಮ್ಯಾಟ್ರಿಕ್ಕಿನದರಲ್ಲಿದ್ದ ತಾರೀಖು ನೌಕರಿಗೆ ಸೇರಿದ ಮೇಲೆ ಬರೆಸಿದ್ದೆಂದು ಕಚೇರಿಯಲ್ಲಿ ನಡೆಯುತ್ತಿರಲಿಲ್ಲ. ಉಳಿದ ಸಾಕ್ಷಿ ಎಂದರೆ ನಾನೊಬ್ಬನೇ.

ಅವರು ದೂರು ಕೊಟ್ಟರು. ವಿಚಾರಣೆಯ ದಿನ ಭಾಲ್ಕಿಯಿಂದ ತಮ್ಮ ತಾಯಿಯನ್ನು ಕರಕೊಂಡು ಬಂದರು. ಆ ಹೊತ್ತಿಗೆ ನಮ್ಮಲ್ಲಿ ಮತ್ತೊಬ್ಬ ಸಾಹೇಬರಿದ್ದರು, ಅವರೂ ಹೊರಗಿನವರೇ. ಮುದುಕಿ ನಮ್ಮ ಕಡೆಯ ಉರ್ದುವಾದ ದಖ್ಖನಿಯಲ್ಲಿ ಹೇಳಬೇಕು, ನಾನು ಅದನ್ನು ಇಂಗ್ಲಿಷಿನಲ್ಲಿ ಸಾಹೇಬರಿಗೆ ತಿಳಿಸಬೇಕು. ಆಕೆ ನಿಧಾನವಾಗಿ ಹೇಳಿದಳು. ಹೈದರಾಬಾದದಲ್ಲಿ ಮೂಸಿ ಹೊಳೆ ಉಕ್ಕಿ ಅರ್ಧ ಶಹರ ಮುಳುಗಿತಲ್ಲ, ಆ ನೀರಿನಲ್ಲಿ ಆಕೆಯ ಅಣ್ಣ ಕೊಚ್ಚಿಹೋಗಿದ್ದ. ಆಗ ಆಕೆ ಬಸುರಿ, ಆಮೇಲೆ ಬಂದ ಚಳಿಗಾಲದಲ್ಲಿ ಈ ಮಗ ಹುಟ್ಟಿದ. ಮೂಸಿಯ ಆ ಮಹಾಪೂರ ಬಂದ ವರ್ಷ ಹೈದರಾಬಾದ್ ಸಂಸ್ಥಾನದ ಪ್ರತಿ ಕಾರಕೂನನಿಗೂ ಗೊತ್ತು. ನನಗೂ ಗೊತ್ತಿತ್ತು. ಆದರೆ ತಪ್ಪು ಒಪ್ಪಿದರೆ ದಾಖಲೆ ಕೆಡಿಸಿದ ಆರೋಪ ನನ್ನ ಮೇಲೆ ಬರುತ್ತಿತ್ತು, ಹೆಡ್ ಕ್ಲರ್ಕ್ ಜಾಗಕ್ಕೆ ನನ್ನ ಹೆಸರು ಆ ವಾರವೇ ಹೋಗಿತ್ತು. ಯಾವುದೋ ಹೊಳೆ ಬಂದ ವರ್ಷ ಹುಟ್ಟಿದನಂತೆ, ಇಸವಿ ಗೊತ್ತಿಲ್ಲವಂತೆ ಎಂದು ಸಾಹೇಬರಿಗೆ ಹೇಳಿದೆ.

ಮಾಸ್ತರರಿಗೆ ಈಗ ಇಂಗ್ಲಿಷ್ ಬರುತ್ತಿತ್ತು ಎಂಬುದನ್ನು ನಾನು ಮರೆತೇ ಇದ್ದೆ. ಅವರು ತಟ್ಟನೆ ತಿರುಗಿದರು. ಅದು ಮೂಸಿ ಹೊಳೆ, ಇಂಥ ವರ್ಷ ಎಂದು ಅವರೇ ಇಂಗ್ಲಿಷಿನಲ್ಲಿ ಸಾಹೇಬರಿಗೆ ಹೇಳಿದರು. ನಾನು ಕಾರಕೂನನನ್ನು ಕೇಳುತ್ತಿದ್ದೇನೆ ಎಂದು ಸಾಹೇಬರು ಅವರ ಬಾಯಿ ಮುಚ್ಚಿಸಿದರು. ಆಮೇಲೆ, ಮೂಲದಲ್ಲಿ ಏನಿತ್ತು ಎಂದು ನನ್ನನ್ನು ಕೇಳಿದರು. ಮೂಲದಲ್ಲಿ ಇದ್ದದ್ದನ್ನೇ ಬರೆದಿದ್ದೇನೆ ಅಂದೆ.

ಮಾಸ್ತರರು ಗುಂಡಿ ತಿರುವಲಿಲ್ಲ. ತಾಯಿಯನ್ನು ನನ್ನ ಎದುರಿಗೆ ತಂದು ನಿಲ್ಲಿಸಿದರು.

"ತಮ್ಮಾ, ಈಕಿ ಮುಖ ನೋಡಿ ಹೇಳು. ಈಕಿಗಿ ಅರವತ್ತೆರಡು. ನನಗ ಐವತ್ತೈದು ಅಂದ್ರ, ಏಳು ವರ್ಷದ ಹುಡಗಿ ಕೂಸು ಹಡದಾಳೇನು?"

ಏನು ಹೇಳಿದರು ಎಂದು ಸಾಹೇಬರು ಕೇಳಿದರು. ವಿಶೇಷವೇನೂ ಇಲ್ಲ, ಸಿಟ್ಟಿನಲ್ಲಿದ್ದಾರೆ ಅಂದೆ. ಹಳೆಯ ಸಹಿಯನ್ನು ತೋರಿಸಿ, ನೀವೇ ಒಪ್ಪಿ ಸಹಿ ಮಾಡಿದ್ದೀರಿ ಎಂದು ಸಾಹೇಬರು ಕಡತ ಮುಚ್ಚಿದರು. ನನಗೆ ಬಡ್ತಿ ಸಿಕ್ಕಿತು. ಮಾಸ್ತರರು ಹೊರಗೆ ಹೋಗುವಾಗ ತಾಯಿಯ ಚಪ್ಪಲಿಯನ್ನು ತಾವೇ ಬಗ್ಗಿ ಸರಿಯಾಗಿ ಇಟ್ಟುಕೊಟ್ಟರು. ಅದನ್ನು ನೋಡುತ್ತ ನಾನು ಬಾಗಿಲಲ್ಲಿ ನಿಂತಿದ್ದೆ. ಎರಡು ಹೆಜ್ಜೆ ಮುಂದೆ ಹೋಗಿ ಕಾಲು ಹಿಡಿಯಬಹುದಿತ್ತು, ವಾಪಸು ಒಳಗೆ ಹೋಗಿ ನಿಜ ಹೇಳಬಹುದಿತ್ತು. ಎರಡೂ ಮಾಡಲಿಲ್ಲ. ಇಷ್ಟು ವರ್ಷದ ಮೇಲೂ ಅದನ್ನು ನೆನೆದರೆ ನನ್ನ ಮುಖಕ್ಕೆ ನಾನೇ ಉಗಿಯಬೇಕೆನಿಸುತ್ತದೆ.

ಬರಿಯ ಪಿಂಚಣಿ ತಗೊಂಡು ಮೂಲೆಯಲ್ಲಿ ಕೂಡುವ ಜೀವ ಅದಲ್ಲ. ಭಾಲ್ಕಿಯ ಮನೆಯಂಗಳದಲ್ಲಿ, ಬೇವಿನ ಮರದ ಕೆಳಗೆ, ಖಾಸಗಿಯಾಗಿ ಪರೀಕ್ಷೆ ಕಟ್ಟುವವರಿಗೆ ಪಾಠ ಶುರು ಮಾಡಿದರು. ರೈಲ್ವೆಯ ಪಾಯಿಂಟ್ಸ್‌ಮನ್, ದವಾಖಾನೆಯ ಕಾಂಪೌಂಡರ್, ಗಂಡ ಸತ್ತ ಒಬ್ಬ ಶಿಕ್ಷಕಿ, ಆಗತಾನೆ ಬುದ್ಧನ ದೀಕ್ಷೆ ತಗೊಂಡ ಕೇರಿಯ ಇಬ್ಬರು ತರುಣರು, ಎಲ್ಲ ದುಡಿಯುವ ಮಂದಿ. ಎಲ್ಲರಿಗೂ ಬೈಗುಳ ಒಂದೇ ಅಳತೆ. ಒಂದು ನಿಯಮ ಮಾತ್ರ ಬಿಗಿಯಾಗಿತ್ತು. ಪರೀಕ್ಷೆಯ ಫಾರ್ಮನ್ನು ಯಾರೂ ತಾವಾಗಿ ತುಂಬಕೂಡದು, ಅವರೇ ತುಂಬಬೇಕು. ಪರೀಕ್ಷೆಯಲ್ಲಿ ನಪಾಸಾದರೆ ಮತ್ತೆ ಕೂಡಬಹುದು, ಫಾರ್ಮಿನಲ್ಲಿ ತಪ್ಪಾದರೆ ಮುಗಿಯಿತು ಎನ್ನುತ್ತಿದ್ದರಂತೆ.

ಹೈದರಾಬಾದ್ ಸಂಸ್ಥಾನ ಒಡೆದು ನಾವು ಕನ್ನಡ ನಾಡಿಗೆ ಸೇರಿದೆವು. ಪದವಿ ಇಲ್ಲದ ಹೆಡ್ ಕ್ಲರ್ಕ್ ಮುಂದೆ ಏರುವಂತಿಲ್ಲ ಎಂಬ ನಿಯಮ ಈ ಸಲ ನನ್ನ ಬಾಗಿಲಿಗೆ ಬಂತು. ನಲವತ್ತರ ವಯಸ್ಸಿನಲ್ಲಿ ನಾನೂ ಖಾಸಗಿಯಾಗಿ ಕಟ್ಟಬೇಕಾಯಿತು. ಎಲ್ಲಿ ಅರ್ಜಿ ಹಾಕಬೇಕು, ಪಾಠ ಯಾರಿಂದ ತರಿಸಬೇಕು, ಏನೂ ಗೊತ್ತಿಲ್ಲ. ಯಾರನ್ನು ಕೇಳಿದರೂ ಭಾಲ್ಕಿಯ ಮಾಸ್ತರರ ಹತ್ತಿರ ಹೋಗಿ ಎಂದೇ ಹೇಳುತ್ತಿದ್ದರು. ತಿಂಗಳುಗಟ್ಟಲೆ ತಪ್ಪಿಸಿಕೊಂಡೆ. ಕೊನೆಗೆ ಮಾನ ಮರ್ಯಾದೆ ಬಿಟ್ಟು, ಒಂದು ಭಾನುವಾರ ಫಾರ್ಮು ಹಿಡಿದು ಅವರ ಅಂಗಳದಲ್ಲಿ ನಿಂತೆ. ಬೈದು ಅಟ್ಟಲಿ ಎಂದೇ ಹೋಗಿದ್ದೆ. ಅಟ್ಟಿದ್ದರೆ ನನಗೂ ಹಗುರಾಗುತ್ತಿತ್ತು.

ಅಟ್ಟಲಿಲ್ಲ. ಬರ್ರಿ, ಕೂಡ್ರಿ ಎಂದರು. ತಮ್ಮಾ ಎನ್ನುತ್ತಿದ್ದ ಬಾಯಿ ನನಗೆ 'ರಿ' ಹಚ್ಚಿದ್ದು ಅದೇ ಮೊದಲು. ಅಂಗಳದಲ್ಲಿ ಕೂತವರೆಲ್ಲ ನೋಡುತ್ತಿದ್ದರು. ಅವರಲ್ಲಿ ಯಾರಿಗೂ ಹಿಂದಿನ ಕಥೆ ಗೊತ್ತಿರಲಿಲ್ಲ. ಫಾರ್ಮು ಇಸಕೊಂಡು ಮೊಣಕಾಲ ಮೇಲೆ ಹಲಗೆಯಿಟ್ಟು ತುಂಬತೊಡಗಿದರು. ನನ್ನ ಹೆಸರು, ತಂದೆಯ ಹೆಸರು, ಊರು. ಅಚ್ಚು ಹಾಕಿದಂಥ ಇಂಗ್ಲಿಷ್ ಅಕ್ಷರ. ಹುಟ್ಟಿದ ತಾರೀಖಿನ ಜಾಗಕ್ಕೆ ಬಂದಾಗ ಪೆನ್ನು ನಿಂತಿತು. ಹುಟ್ಟಿದ ಸನ್ ಕೇಳಿದರು, ಹೇಳಿದೆ.

"ಇದು ಫಸಲಿಯೋ, ಹಿಜರಿಯೋ, ಶಕವೋ?"

"ಫಸಲಿರಿ," ಅಂದೆ.

"ನಿಮ್ಮ ಹೆಸರ ನೋಡಿದ್ರ ಶಾಲಿವಾಹನ ಶಕ ಇರಬೇಕು ಅನಸ್ತದರಿ. ಆದ್ರ ಹೆಸರ ನೋಡಿ ಬರೀಬಾರದು ನೋಡ್ರಿ. ಮನಷ್ಯಾ ಎದುರಿಗೇ ಇದ್ದಾಗ ಅವಂಗೇ ಕೇಳಬೇಕು."

ಅಂಚಿನಲ್ಲಿ ಪೆನ್ಸಿಲಿನಿಂದ ಐನೂರ ತೊಂಬತ್ತು ಕೂಡಿಸಿ, ಬಂದದ್ದನ್ನು ಶಾಯಿಯಲ್ಲಿ ಬರೆದರು. ಆಮೇಲೆ ಫಾರ್ಮನ್ನು ಪೂರ್ತಿ ಬಿಚ್ಚಿ, ನನ್ನ ಕಡೆಗೆ ತಿರುಗಿಸಿ ಇಟ್ಟರು. ಎಲ್ಲಾ ಓದಿ ನೋಡಿ ಆಮೇಲೆ ಸಹಿ ಮಾಡ್ರಿ, ಅವಸರ ಏನಿಲ್ಲ ಎಂದರು. ನಾನು ಒಂದೊಂದು ಸಾಲನ್ನೂ ಓದಿದೆ. ನನ್ನ ವಯಸ್ಸು ಒಂದು ದಿನವೂ ಹೆಚ್ಚು ಕಡಿಮೆ ಇಲ್ಲದೆ ಸರಿಯಾಗಿತ್ತು.